ಮಿಸಿಸಿಪಿಯ ಒಂಬತ್ತನೆಯ ಇಯತ್ತೆಯ ಚರಿತ್ರೆ ಪುಸ್ತಕ

ಕಳೆದ ಸಲದ ಅಧ್ಯಯನ ಗೋಷ್ಠಿಯಲ್ಲಿ ಅಮೆರಿಕದ ಕರಿಯರ ಸಾಹಿತ್ಯದ ಬಗ್ಗೆ ಶುರುವಾದ ಮಾತು ಸಾಹಿತ್ಯವನ್ನು ಬಿಟ್ಟು ಶಾಲೆಯ ಕಡೆಗೆ ತಿರುಗಿದ್ದು ಸದಸ್ಯರಿಗೆ ನೆನಪಿರಬಹುದು. ಗುಲಾಮಗಿರಿಯನ್ನೂ ಅದು ಹೋದ ಮೇಲಿನ ನೂರು ವರ್ಷಗಳ ಹಿಂಸೆಯನ್ನೂ ಅಲ್ಲಿನ ಶಾಲೆಗಳಲ್ಲಿ ಎಷ್ಟು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಎಂಬ ಪ್ರಶ್ನೆ ಬಂತು. ಆಗ ಹಿಂದಿನ ಸಾಲಿನಲ್ಲಿದ್ದ ಗೆಳೆಯರೊಬ್ಬರು, "ಅಲ್ಲ ಮಾರಾಯ್ರೆ, ಆದದ್ದು ಆಗಿಹೋಯಿತು. ಹದಿನಾಲ್ಕು ವರ್ಷದ ಮಕ್ಕಳ ಮುಂದೆ ಅದನ್ನೆಲ್ಲ ಯಾಕೆ ಹರಡಬೇಕು? ಒಂದೇ ಬೆಂಚಿನಲ್ಲಿ ಕೂತವರು ಹೊಡೆದಾಡಿಕೊಂಡಾರು" ಅಂದರು. ಪ್ರಶ್ನೆ ಕೆಟ್ಟದ್ದೇನಲ್ಲ. ಆದರೆ ಅಂದು ನನಗೆ ಸರಿಯಾದ ಉತ್ತರ ಸಿಗಲಿಲ್ಲ. ವಾಪಸು ಹೋಗುವಾಗ ಲೋಕಲ್ ಗಾಡಿಯಲ್ಲಿ ನೆನಪಾಯಿತು: ಇದೇ ಪ್ರಶ್ನೆಯನ್ನು, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ, ಅಮೆರಿಕದ ಮಿಸಿಸಿಪಿ ರಾಜ್ಯದ ಒಂದು ನ್ಯಾಯಾಲಯದಲ್ಲಿ ಒಬ್ಬರು ಕೇಳಿದ್ದರು, ನ್ಯಾಯಾಧೀಶರು ಅಲ್ಲೇ ಉತ್ತರವನ್ನೂ ಕೊಟ್ಟಿದ್ದರು. ಆ ಮೊಕದ್ದಮೆಯ ಕಥೆಯೇ ಈ ಲೇಖನ. ಹಿನ್ನೆಲೆ ಸ್ವಲ್ಪ ಉದ್ದವಿದೆ, ಓದುಗರು ಸಹಿಸಿಕೊಳ್ಳಬೇಕು.

ಮಿಸಿಸಿಪಿಯ ರಾಜಧಾನಿ ಜಾಕ್ಸನ್ನಿನ ಪಕ್ಕದಲ್ಲಿ ಟೂಗಲೂ ಎಂಬ ಕಾಲೇಜಿದೆ. ಗುಲಾಮಗಿರಿ ಕೊನೆಗೊಂಡು ನಾಲ್ಕು ವರ್ಷಕ್ಕೆ, 1869 ರಲ್ಲಿ, ಬಿಡುಗಡೆಯಾದವರ ಮಕ್ಕಳಿಗಾಗಿ ಮಿಷನರಿಗಳು ಕಟ್ಟಿದ್ದು. 1970 ರ ಜನವರಿಯಲ್ಲಿ ಅಲ್ಲಿ ಜೇಮ್ಸ್ ಲೋವೆನ್ ಎಂಬ ಬಿಳಿಯ ತರುಣ ಅಧ್ಯಾಪಕರು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಒಂದು ಸರಳ ಪ್ರಶ್ನೆ ಹಾಕಿದರು: ಅಂತರ್ಯುದ್ಧದ ನಂತರದ ಪುನರ್ನಿರ್ಮಾಣ ಕಾಲ ಎಂದರೆ ಏನು? ತರಗತಿಯ ಬಹುಪಾಲು ಎಲ್ಲರೂ ಒಂದೇ ಉತ್ತರ ಕೊಟ್ಟರು. ಗುಲಾಮಗಿರಿಯಿಂದ ಆಗಷ್ಟೇ ಹೊರಬಂದ ಕರಿಯರ ಕೈಗೆ ದಕ್ಷಿಣದ ಸರಕಾರಗಳು ಬಂದವು, ಅವರಿಗೆ ಆಳಲು ಬರಲಿಲ್ಲ, ಎಲ್ಲ ಹದಗೆಟ್ಟಿತು, ಕೊನೆಗೆ ಬಿಳಿಯರು ಅಧಿಕಾರವನ್ನು ವಾಪಸು ತೆಗೆದುಕೊಳ್ಳಬೇಕಾಯಿತು.

ಈ ಉತ್ತರ ಕೊಟ್ಟವರು ಕರಿಯ ಹುಡುಗ ಹುಡುಗಿಯರು. ಅವರು ಓದಿ ಬಂದದ್ದು ಕರಿಯರದೇ ಶಾಲೆಗಳಲ್ಲಿ, ಏಕೆಂದರೆ ಮಿಸಿಸಿಪಿಯಲ್ಲಿ ಎರಡೂ ಬಣ್ಣದ ಮಕ್ಕಳನ್ನು ದೊಡ್ಡ ಪ್ರಮಾಣದಲ್ಲಿ ಒಂದೇ ಶಾಲೆಗೆ ಸೇರಿಸಿದ್ದು ಸುಪ್ರೀಂ ಕೋರ್ಟಿನ 1969 ರ ಅಕ್ಟೋಬರದ ಆಜ್ಞೆಯ ಮೇಲೆಯೇ. ಅವರಿಗೆ ಪಾಠ ಹೇಳಿದವರೂ ಕರಿಯ ಮೇಷ್ಟ್ರುಗಳೇ. ಮೇಷ್ಟ್ರ ಕೈಯಲ್ಲಿ ಇದ್ದದ್ದು ಮಾತ್ರ ರಾಜ್ಯ ಸರಕಾರ ಒಪ್ಪಿದ ಪುಸ್ತಕ. ತಮ್ಮ ಮುತ್ತಜ್ಜಂದಿರು ಕೈಲಾಗದವರು ಎಂದು ಆ ಮಕ್ಕಳು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದು ಬಂದಿದ್ದರು.

ನಿಜವಾಗಿ ನಡೆದದ್ದೇನು? ಪುನರ್ನಿರ್ಮಾಣದ ಕಾಲದಲ್ಲಿ ಮಿಸಿಸಿಪಿಯ ಗವರ್ನರ್ ಸ್ಥಾನದಲ್ಲಿ ಕೂತವರೆಲ್ಲ ಬಿಳಿಯರು. ಶಾಸನ ಸಭೆಯಲ್ಲಿ ಕರಿಯರಿಗೆ ಎಂದೂ ಬಹುಮತ ಇರಲಿಲ್ಲ, ಜನಸಂಖ್ಯೆಯಲ್ಲಿ ಅವರೇ ಹೆಚ್ಚಿದ್ದರೂ. ಹೈರಮ್ ರೆವೆಲ್ಸ್ 1870 ರಲ್ಲಿ ವಾಷಿಂಗ್ಟನ್ನಿನ ಸೆನೆಟ್ಟಿಗೆ ಹೋದ ಮೊಟ್ಟಮೊದಲ ಕರಿಯ ಸದಸ್ಯ, ಮಿಸಿಸಿಪಿಯಿಂದಲೇ. ಐದು ವರ್ಷದ ಮೇಲೆ ಹೋದ ಬ್ಲಾಂಚ್ ಬ್ರೂಸ್ ಗುಲಾಮನಾಗಿ ಹುಟ್ಟಿದವರು. ಸೆನೆಟ್ಟಿನಲ್ಲಿ ಆರು ವರ್ಷ ಪೂರ್ತಿ ಕೂತರು. ರಾಜ್ಯವೇ ಸಾರ್ವಜನಿಕ ಶಾಲೆಗಳನ್ನು ನಡೆಸಬೇಕೆಂದು ಸಂವಿಧಾನದಲ್ಲಿ ಬರೆದವರು ಇದೇ ಕಾಲದವರು. ಬಡ ಬಿಳಿಯರ ಮಕ್ಕಳಿಗೂ ಶಾಲೆಯ ಬಾಗಿಲು ತೆರೆದದ್ದು ಹಾಗೆ. ಲಂಚ ರುಷುವತ್ತು ಇರಲಿಲ್ಲವೇ ಅಂದರೆ, ಇತ್ತು. ಅಂದಿನ ಅಮೆರಿಕದಲ್ಲಿ ಎಲ್ಲಿ ಇರಲಿಲ್ಲ? ಹಾಗೆ ನೋಡಿದರೆ ಬಿಳಿಯರು ಅಧಿಕಾರವನ್ನು 'ವಾಪಸು' ಪಡೆದ ಮೇಲೆ ಅವರದೇ ಪಕ್ಷದ ರಾಜ್ಯ ಖಜಾಂಚಿಯೊಬ್ಬ 3 ಲಕ್ಷ ಡಾಲರಿಗೂ ಮೀರಿ ನುಂಗಿದ್ದು 1890 ರಲ್ಲಿ ಹೊರಬಿತ್ತು. ಆ ವಾಪಸಾತಿಯಾದರೂ ಚುನಾವಣೆಯಿಂದ ಆದದ್ದಲ್ಲ, ಹಾಗೆ ತೋರಿಸಿದ್ದು. 1875 ರಲ್ಲಿ ಬಂದೂಕು ಹಿಡಿದವರು ಮತಗಟ್ಟೆಗಳ ಸುತ್ತ ನಿಂತರು, ಅನೇಕರನ್ನು ಕೊಂದರು. 1890 ರಲ್ಲಿ ಹೊಸ ಸಂವಿಧಾನ ಬರೆದು, ಮತಕ್ಕೆ ತಲೆಗಂದಾಯ ಮತ್ತು ಅಕ್ಷರ ಪರೀಕ್ಷೆ ಇಟ್ಟು, ಕರಿಯರನ್ನು ಪಟ್ಟಿಯಿಂದ ತೆಗೆದುಹಾಕಿದರು.

ಇಷ್ಟು ಸ್ಪಷ್ಟವಾದ ವಿಷಯ ಪುಸ್ತಕದಲ್ಲಿ ತಲೆಕೆಳಗಾದದ್ದು ಹೇಗೆ? ತಿಳಿಯದೆ ಆದ ತಪ್ಪಲ್ಲ, ಕೂತು ಮಾಡಿದ ಕೆಲಸ. ಯುದ್ಧದಲ್ಲಿ ಸೋತ ದಕ್ಷಿಣದ ಸೈನಿಕರ ಮನೆಯ ಹೆಂಗಸರು 1894 ರಲ್ಲಿ 'ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ' ಎಂಬ ಸಂಘ ಕಟ್ಟಿದರು. ಊರೂರಲ್ಲಿ ಸೈನಿಕನ ಕಲ್ಲುಪ್ರತಿಮೆ ನಿಲ್ಲಿಸಿದವರು ಇವರೇ. ಆದರೆ ಕಲ್ಲಿಗಿಂತ ಕಾಗದಕ್ಕೆ ಬಾಳಿಕೆ ಹೆಚ್ಚು ಎಂಬುದು ಅವರಿಗೆ ಗೊತ್ತಿತ್ತು. ಸಂಘದ ಇತಿಹಾಸಕಾರಳಾಗಿದ್ದ ಮಿಲ್ಡ್ರೆಡ್ ರುದರ್‌ಫರ್ಡ್ ಎಂಬ ಶಿಕ್ಷಕಿ 1919 ರಲ್ಲಿ ಪಠ್ಯಪುಸ್ತಕಗಳನ್ನು ಅಳೆಯುವ ಒಂದು ಅಳತೆಗೋಲನ್ನೇ ಅಚ್ಚು ಹಾಕಿಸಿದರು. ದಕ್ಷಿಣದವರು ಗುಲಾಮರನ್ನು ಉಳಿಸಿಕೊಳ್ಳಲು ಯುದ್ಧ ಮಾಡಿದರು ಎಂದು ಹೇಳುವ ಪುಸ್ತಕ ಬೇಡ. ಗುಲಾಮರ ಒಡೆಯ ಕ್ರೂರಿ ಎಂದು ಬರೆದ ಪುಸ್ತಕ ಬೇಡ. ಅಂಥದ್ದು ಗ್ರಂಥಾಲಯದಲ್ಲಿ ಈಗಾಗಲೇ ಇದ್ದರೆ ಅದರ ಮೇಲೆ 'ದಕ್ಷಿಣಕ್ಕೆ ಅನ್ಯಾಯ' ಎಂದು ಬರೆದಿಡಿ. ಸೂಚನೆಗಳ ಸಾರಾಂಶ ಇಷ್ಟು.

ಇದರಲ್ಲೊಂದು ತಮಾಷೆ ಇದೆ. ಮಿಸಿಸಿಪಿ ರಾಜ್ಯ 1861 ರ ಜನವರಿಯಲ್ಲಿ ಒಕ್ಕೂಟವನ್ನು ಬಿಟ್ಟಾಗ ಕಾರಣಗಳನ್ನು ಬರೆದು ಪ್ರಕಟಿಸಿತ್ತು. ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಎಂದು ಅದರ ಆರಂಭದಲ್ಲೇ ಹೇಳಿಕೊಂಡಿದೆ. ಅಜ್ಜಂದಿರು ಬಿಚ್ಚುಮಾತಿನಲ್ಲಿ ಒಪ್ಪಿಕೊಂಡದ್ದನ್ನು ಮೊಮ್ಮಕ್ಕಳು ಮುಚ್ಚಲು ಹೊರಟರು.

ಪುಸ್ತಕ ಮಾರುವವರ ಲೆಕ್ಕವೂ ಇಲ್ಲಿ ಸೇರಿತು. ದಕ್ಷಿಣದ ಬಹಳಷ್ಟು ರಾಜ್ಯಗಳಲ್ಲಿ ಇಡೀ ರಾಜ್ಯಕ್ಕೆ ಪುಸ್ತಕ ಆರಿಸಲು ಒಂದೇ ಸಮಿತಿ. ಅದು ಬೇಡವೆಂದರೆ ಒಂದು ಪ್ರತಿಯೂ ಹೋಗುವುದಿಲ್ಲ. ನ್ಯೂಯಾರ್ಕಿನ ಪ್ರಕಾಶಕನಿಗೆ ಚರಿತ್ರೆಗಿಂತ ಸಮಿತಿಯ ಮೂಗಿನ ತುದಿ ಮುಖ್ಯವಾಯಿತು. ದಕ್ಷಿಣಕ್ಕೆ ಒಪ್ಪುವ ಮಾತೇ ಕ್ರಮೇಣ ಉತ್ತರದ ಮಕ್ಕಳ ಪುಸ್ತಕಗಳಿಗೂ ಹೋಯಿತು.

ಇದನ್ನೆಲ್ಲ ಕರಿಯ ವಿದ್ವಾಂಸರು ಸುಮ್ಮನೆ ನೋಡುತ್ತ ಕೂತಿರಲಿಲ್ಲ. ಗುಲಾಮರಾಗಿದ್ದ ದಂಪತಿಗಳ ಮಗ ಕಾರ್ಟರ್ ವುಡ್‌ಸನ್ 1926 ರಲ್ಲಿ ಫೆಬ್ರವರಿಯ ಒಂದು ವಾರವನ್ನು ಕರಿಯರ ಚರಿತ್ರೆಗೆಂದು ಎತ್ತಿಟ್ಟರು. ಐವತ್ತು ವರ್ಷದ ಮೇಲೆ ಅದು ತಿಂಗಳಾಯಿತು. ಡು ಬಾಯ್ಸ್ 1935 ರಲ್ಲಿ ಪುನರ್ನಿರ್ಮಾಣದ ಮೇಲೆ ಬರೆದ ದೊಡ್ಡ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಶಾಲಾ ಪುಸ್ತಕಗಳನ್ನೇ ಮುಂದಿಟ್ಟುಕೊಂಡು ಸುಳ್ಳುಗಳನ್ನು ಎಣಿಸಿದ್ದಾರೆ. (ಇದೇ ಡು ಬಾಯ್ಸ್ ಅವರಿಗೆ ಡಾ. ಅಂಬೇಡ್ಕರ್ 1946 ರಲ್ಲಿ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಕರಿಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಪ್ರಸ್ತಾಪಿಸಿದ್ದರು. ನಮ್ಮ ಮುಂಬಯಿಯಲ್ಲಿ 1972 ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್‌ನ ಹೆಸರು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.)

ಮಿಸಿಸಿಪಿಯಲ್ಲೇ 1964 ರ ಬೇಸಿಗೆಯಲ್ಲಿ ಸುಮಾರು 40 'ಸ್ವಾತಂತ್ರ್ಯ ಶಾಲೆಗಳು' ನಡೆದವು. ಚರ್ಚಿನ ಒಳಗೆ, ಮರದ ಕೆಳಗೆ, ಯಾರದೋ ಮನೆಯ ಜಗಲಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕರಿಯ ಮಕ್ಕಳು ಕೂತು ತಮ್ಮ ಚರಿತ್ರೆಯನ್ನು ಓದಿದರು, ಪ್ರಶ್ನೆ ಕೇಳಿದರು. ನೆಶೋಬ ಜಿಲ್ಲೆಯಲ್ಲಿ ಇಂಥ ಶಾಲೆಗೆ ಜಾಗ ಕೊಡಲು ಒಪ್ಪಿದ್ದ ಮೌಂಟ್ ಜಾಯನ್ ಚರ್ಚನ್ನು ಜೂನ್ 16 ರಂದು ಸುಟ್ಟರು. ಸುಟ್ಟ ಜಾಗವನ್ನು ನೋಡಿಬರಲು ಹೋದ ಚೇನಿ, ಗುಡ್‌ಮನ್, ಶ್ವೆರ್ನರ್ ಎಂಬ ಮೂವರು ತರುಣರನ್ನು ಜೂನ್ 21 ರ ರಾತ್ರಿ ಕೊಂದು ಮಣ್ಣಿನ ಏರಿಯ ಕೆಳಗೆ ಹೂತರು. ಚರಿತ್ರೆ ಪಾಠ ಎಂದರೆ ಮೂರು ಗಂಟೆಯ ಪೇಪರು ಎಂದು ತಿಳಿದಿರುವ ನಮ್ಮಂಥವರು ಇಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ.

ಇನ್ನು ಲೋವೆನ್ ಅವರ ಕಡೆಗೆ ಬರೋಣ. ತರಗತಿಯಲ್ಲಿ ಕೇಳಿದ ಉತ್ತರ ಅವರನ್ನು ಬಿಡಲಿಲ್ಲ. ಮಿಸಿಸಿಪಿಯಲ್ಲಿ ಒಂಬತ್ತನೆಯ ಇಯತ್ತೆಯ ಎಲ್ಲರೂ ರಾಜ್ಯದ ಚರಿತ್ರೆ ಓದಲೇಬೇಕಿತ್ತು. ಪುಸ್ತಕ ಸರಿಯಿಲ್ಲ ಎಂದು ಗೊಣಗುವ ಬದಲು ಬೇರೆ ಪುಸ್ತಕ ಬರೆದರಾಯಿತು ಅಂದುಕೊಂಡರು. ಜಾಕ್ಸನ್ನಿನಲ್ಲೇ ಬಿಳಿಯರ ಮಿಲ್‌ಸ್ಯಾಪ್ಸ್ ಕಾಲೇಜಿತ್ತು. ಅಲ್ಲಿನ ಚರಿತ್ರೆ ಅಧ್ಯಾಪಕ ಚಾರ್ಲ್ಸ್ ಸ್ಯಾಲಿಸ್ ಜೊತೆಗೂಡಿದರು. ಎರಡೂ ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಬರೆದ 'ಮಿಸಿಸಿಪಿ: ಕಾನ್ಫ್ಲಿಕ್ಟ್ ಅಂಡ್ ಚೇಂಜ್' 1974 ರಲ್ಲಿ ಪ್ಯಾಂಥಿಯನ್ ಪ್ರಕಾಶನದಿಂದ ಹೊರಬಂತು. ಅದಕ್ಕೆ ಲಿಲಿಯನ್ ಸ್ಮಿತ್ ಪ್ರಶಸ್ತಿಯೂ ಬಂತು. ವಿದ್ಯಾರ್ಥಿಗಳೇ ಸೇರಿ ಬರೆದ ಪುಸ್ತಕ ಎಂಬುದು ನಮ್ಮಂಥ ಕಾಲೇಜು ಮಂಡಳದವರು ಗಮನಿಸಬೇಕಾದ ಅಂಶ.

ರಾಜ್ಯದ ಪಠ್ಯಪುಸ್ತಕ ಪರಿಶೀಲನಾ ಸಮಿತಿಯಲ್ಲಿ ಏಳು ಜನ, ಐವರು ಬಿಳಿಯರು, ಇಬ್ಬರು ಕರಿಯರು. ಪುಸ್ತಕದ ಪರ ಎರಡು ಮತ, ವಿರುದ್ಧ ಐದು. ಯಾರು ಯಾವ ಕಡೆ ಎಂದು ನಾನು ಬರೆಯಬೇಕಾಗಿಲ್ಲ. ಒಂದಕ್ಕಿಂತ ಹೆಚ್ಚು ಪುಸ್ತಕ ಆರಿಸಲು ಅವಕಾಶವಿದ್ದರೂ ಪಟ್ಟಿಗೆ ಸೇರಿದ್ದು ಜಾನ್ ಬೆಟರ್ಸ್‌ವರ್ತ್ ಎಂಬ ಪ್ರಾಧ್ಯಾಪಕರ ಒಂದೇ ಪುಸ್ತಕ. ಪಟ್ಟಿಯಲ್ಲಿಲ್ಲದ ಪುಸ್ತಕವನ್ನು ಸರಕಾರದ ದುಡ್ಡಿನಲ್ಲಿ ಕೊಳ್ಳುವ ಹಾಗಿಲ್ಲ. ಲೇಖಕರೂ ಕೆಲವು ಪಾಲಕರೂ ವಿದ್ಯಾರ್ಥಿಗಳೂ 1975 ರಲ್ಲಿ ಫೆಡರಲ್ ನ್ಯಾಯಾಲಯಕ್ಕೆ ಹೋದರು.

ವಿಚಾರಣೆಯಲ್ಲಿ ಜಗಳವೆಲ್ಲ ಒಂದು ಚಿತ್ರಕ್ಕೆ ಬಂದು ನಿಂತಿತು. ಪುಸ್ತಕದಲ್ಲಿ ಲಿಂಚಿಂಗಿನ ಒಂದು ಛಾಯಾಚಿತ್ರ ಇತ್ತು. ಲಿಂಚಿಂಗ್ ಎಂದರೆ ಗುಂಪು ಕೂಡಿ, ಕೋರ್ಟು ಕಚೇರಿ ಇಲ್ಲದೆ, ಮನುಷ್ಯನನ್ನು ಹಿಡಿದು ನೇಣಿಗೆ ಹಾಕುವುದು, ಸುಡುವುದು. ಆ ಚಿತ್ರದಲ್ಲಿ ಸತ್ತವನ ಸುತ್ತ ಬಿಳಿಯರ ಗುಂಪು ನಿಂತಿದೆ. ಸಮಿತಿಯ ಸದಸ್ಯ ಟರ್ನಿಪ್‌ಸೀಡ್ ಎಂಬವರು ಸಾಕ್ಷಿಕಟ್ಟೆಗೆ ಬಂದು ತಮ್ಮ ಆತಂಕ ಹೇಳಿಕೊಂಡರು. ಒಂಬತ್ತನೆಯ ಇಯತ್ತೆಯ ಕರಿಯ ಹುಡುಗರು ಮೈಕಟ್ಟಿನಲ್ಲಿ ದೊಡ್ಡವರಾಗಿರುತ್ತಾರೆ. ಇಂಥ ಚಿತ್ರ ನೋಡಿ ಅವರು ಕೆರಳಿದರೆ ಬಿಳಿಯ ಶಿಕ್ಷಕಿಯರಿಗೆ ತರಗತಿಯನ್ನು ಹತೋಟಿಯಲ್ಲಿಡಲು ಆಗಲಿಕ್ಕಿಲ್ಲ ಎಂದು. ಆಗ ನ್ಯಾಯಾಧೀಶ ಓರ್ಮಾ ಸ್ಮಿತ್ ತಾವೇ ಕೇಳತೊಡಗಿದರು. ಇದು ನಡೆದದ್ದು ಹೌದಲ್ಲವೇ? ಬೇರೆಲ್ಲ ರಾಜ್ಯಗಳಿಗಿಂತ ಹೆಚ್ಚು ಲಿಂಚಿಂಗ್ ನಡೆದದ್ದು ಮಿಸಿಸಿಪಿಯಲ್ಲೇ ಅಲ್ಲವೇ? ಸಾಕ್ಷಿ ಹೌದೆಂದು ಒಪ್ಪಿ, ಆದರೆ ಅದೆಲ್ಲ ಬಹಳ ಹಿಂದಿನ ಮಾತು, ಈಗ ಯಾಕೆ ಅದನ್ನೇ ಹಿಡಿದುಕೊಂಡು ಕೂರಬೇಕು ಅಂದರು. ಅದಕ್ಕೆ ನ್ಯಾಯಾಧೀಶರು, ಇದು ಚರಿತ್ರೆಯ ಪುಸ್ತಕವಲ್ಲವೇ ಎಂದು ಮರಳಿ ಕೇಳಿದರು.

ನಮ್ಮ ಗೆಳೆಯರ ಪ್ರಶ್ನೆ ಮತ್ತು ನನಗೆ ಅಂದು ಹೊಳೆಯದ ಉತ್ತರ ಇಲ್ಲಿವೆ. ನ್ಯಾಯಾಧೀಶರು ಬಿಳಿಯರು, ಮಿಸಿಸಿಪಿಯವರೇ. 'ಬಹಳ ಹಿಂದಿನ ಮಾತು' ಎಂಬುದಕ್ಕೂ ಒಂದು ಲೆಕ್ಕ ಇದೆ: ಟಸ್ಕೀಗಿ ಸಂಸ್ಥೆಯವರು 1882 ರಿಂದ 1968 ರ ವರೆಗೆ ಮಿಸಿಸಿಪಿಯಲ್ಲಿ ಎಣಿಸಿದ ಲಿಂಚಿಂಗ್ 581. ಹುಡುಗ ಎಮೆಟ್ ಟಿಲ್‌ನನ್ನು ಕೊಂದು ಹೊಳೆಗೆ ಎಸೆದದ್ದು 1955 ರಲ್ಲಿ. ಅವನಿಗೆ ಹದಿನಾಲ್ಕು ವರ್ಷ, ಅಂದರೆ ಆ ಪುಸ್ತಕ ಓದಬೇಕಾಗಿದ್ದ ಮಕ್ಕಳ ವಯಸ್ಸೇ.

1980 ರಲ್ಲಿ ತೀರ್ಪು ಬಂತು. ಜನಾಂಗದ ವಿಷಯ ವಿವಾದಕ್ಕೆ ಎಡೆ ಕೊಡುತ್ತದೆ ಎಂಬುದು ಪುಸ್ತಕವನ್ನು ತಳ್ಳಿಹಾಕಲು ನ್ಯಾಯವಾದ ಕಾರಣವಲ್ಲ, ಅದನ್ನು ಪಟ್ಟಿಗೆ ಸೇರಿಸಿ ಎಂದು ನ್ಯಾಯಾಲಯ ಹೇಳಿತು. ಗೆದ್ದದ್ದು ನಿಜ. ಆದರೆ ಪಟ್ಟಿಗೆ ಸೇರಿಸುವುದು ಬೇರೆ, ತರಗತಿಯಲ್ಲಿ ಪುಟ ತೆರೆಯುವುದು ಬೇರೆ. ಕೋರ್ಟು ಮೊದಲನೆಯದನ್ನಷ್ಟೇ ಮಾಡಬಲ್ಲದು. ಲೋವೆನ್ ಮುಂದೆ ಇಡೀ ದೇಶದ ಹೈಸ್ಕೂಲುಗಳಲ್ಲಿ ನಡೆಯುತ್ತಿದ್ದ 12 ಚರಿತ್ರೆ ಪುಸ್ತಕಗಳನ್ನು ಓದಿ 1995 ರಲ್ಲಿ 'ಲೈಸ್ ಮೈ ಟೀಚರ್ ಟೋಲ್ಡ್ ಮಿ' ಬರೆದರು. 2021 ರಲ್ಲಿ ತೀರಿಕೊಂಡರು.

ಅಷ್ಟು ಹೊತ್ತಿಗೆ ಗಾಳಿ ಮತ್ತೆ ತಿರುಗಿತ್ತು. 2021 ರಿಂದ ಈಚೆಗೆ ಹಲವು ರಾಜ್ಯಗಳು ಜನಾಂಗದ ವಿಷಯವನ್ನು ತರಗತಿಯಲ್ಲಿ ಹೇಗೆ ಎತ್ತಬಾರದು ಎಂಬುದಕ್ಕೆ ಕಾನೂನು ಮಾಡಿವೆ. ಓಕ್ಲಹೋಮದ್ದು ಆ ವರ್ಷದ ಮೇ ತಿಂಗಳಲ್ಲಿ ಬಂತು. ಅದೇ ರಾಜ್ಯದ ಟಲ್ಸಾ ಊರಿನಲ್ಲಿ ಕರಿಯರ ಗ್ರೀನ್‌ವುಡ್ ಪೇಟೆಯ ಸುಮಾರು 35 ಬೀದಿಚೌಕಗಳನ್ನು ಬಿಳಿಯರ ಗುಂಪು ಸುಟ್ಟುಹಾಕಿ ಸರಿಯಾಗಿ ನೂರು ವರ್ಷ ತುಂಬಿದ್ದೂ ಆಗಲೇ. ಮಿಸಿಸಿಪಿಯಲ್ಲಿ 2022 ರ ಜನವರಿಯಲ್ಲಿ ಇಂಥ ಮಸೂದೆ ಮತಕ್ಕೆ ಬಂದಾಗ ಸೆನೆಟ್ಟಿನ ಕರಿಯ ಸದಸ್ಯರೆಲ್ಲ ಎದ್ದು ಹೊರನಡೆದರು. ಮಾರ್ಚ್‌ನಲ್ಲಿ ಅದು ಕಾನೂನಾಯಿತು. ಅದರ ಅಕ್ಷರವನ್ನು ಓದಿದರೆ ತಪ್ಪು ಕಾಣುವುದಿಲ್ಲ. ಯಾವ ಜನಾಂಗವೂ ಮೇಲಲ್ಲ, ಕೀಳಲ್ಲ, ಹಾಗೆಂದು ಒಪ್ಪುವಂತೆ ವಿದ್ಯಾರ್ಥಿಯನ್ನು ಒತ್ತಾಯಿಸಬಾರದು ಎಂದಷ್ಟೇ ಇದೆ. ಯಾರು ಬೇಡ ಅಂತಾರೆ? ಆದರೆ ಮೇಷ್ಟ್ರಾಗಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ಮೇಲಿನವರು ಗೆರೆ ಎಲ್ಲಿದೆ ಎಂದು ತೋರಿಸದೆ ಗೆರೆ ದಾಟಬೇಡ ಅಂದರೆ, ಬಡಪಾಯಿ ಮೇಷ್ಟ್ರು ಗೆರೆಯ ಹತ್ತಿರವೇ ಹೋಗುವುದಿಲ್ಲ. ಆ ಅಧ್ಯಾಯ ಬಂದಾಗ 'ಮನೆಯಲ್ಲಿ ಓದಿಕೊಳ್ಳಿ' ಅಂದು ಮುಂದಕ್ಕೆ ಹೋಗುತ್ತಾರೆ.

ಬಿಳಿಯ ಮಗು ತಪ್ಪಿತಸ್ಥನ ಹಾಗೆ ತಲೆ ತಗ್ಗಿಸಿ ಕೂರಬೇಕೇ ಎಂಬ ಪಾಲಕರ ಅಂಜಿಕೆಯನ್ನು ನಾನು ನಕ್ಕು ತಳ್ಳಿಹಾಕುವುದಿಲ್ಲ. ಪ್ರಾಮಾಣಿಕವಾಗಿ ಕಲಿಸಲು ಹೊರಟವರೂ ಎಡವಿದ್ದುಂಟು. ಮಕ್ಕಳನ್ನೇ ಗುಲಾಮರನ್ನಾಗಿ ನಿಲ್ಲಿಸಿ ಹರಾಜಿನ ಆಟ ಆಡಿಸಿದ ಶಾಲೆಗಳಿವೆ. ಅದರಲ್ಲಿ ಕರಿಯ ಮಗುವಿಗೆ ಅವಮಾನ, ಬಿಳಿಯ ಮಗುವಿಗೆ ತಮಾಷೆ, ಚರಿತ್ರೆ ಯಾರಿಗೂ ಇಲ್ಲ. ಬರೀ ಚಾಬೂಕಿನ ಏಟುಗಳನ್ನೇ ಹೇಳಿ ಮುಗಿಸುವುದೂ ಇನ್ನೊಂದು ಬಗೆಯ ಅಪ್ರಾಮಾಣಿಕತೆ. ಅದರಲ್ಲಿ ರೆವೆಲ್ಸ್, ಬ್ರೂಸ್ ಇರುವುದಿಲ್ಲ, ಶಾಲೆ ಕಟ್ಟಿದವರು ಇರುವುದಿಲ್ಲ. ಟೂಗಲೂ ಕಾಲೇಜಿನ ಆ ಹುಡುಗರಿಗೆ ಇಲ್ಲದೆ ಹೋದದ್ದು ಅದೇ ತಾನೆ? ಮಾತಾಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕ ಇದೆ. ಸದರ್ನ್ ಪಾವರ್ಟಿ ಲಾ ಸೆಂಟರ್ ಎಂಬ ಸಂಸ್ಥೆ ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳನ್ನು ಕೇಳಿ 2018 ರಲ್ಲಿ ವರದಿ ಪ್ರಕಟಿಸಿತು. ಅಂತರ್ಯುದ್ಧಕ್ಕೆ ಮುಖ್ಯ ಕಾರಣ ಗುಲಾಮಗಿರಿ ಎಂದು ಗುರುತಿಸಿದವರು ನೂರಕ್ಕೆ 8. ರುದರ್‌ಫರ್ಡ್ ಬಾಯಿ ಅಳತೆಗೋಲು ಇಟ್ಟು ಹೋಗಿ ಆಗಲೇ ನೂರು ವರ್ಷ ಹತ್ತಿರವಾಗಿತ್ತು.

ಹಾಗಾದರೆ ಕಲಿಸುವುದು ಹೇಗೆ? ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. 1930 ರ ದಶಕದ ಕೊನೆಯಲ್ಲಿ ಅಮೆರಿಕ ಸರಕಾರ ನಿರುದ್ಯೋಗಿ ಬರಹಗಾರರಿಗೆ ಕೆಲಸ ಕೊಡಲೆಂದು, ಇನ್ನೂ ಬದುಕಿದ್ದ ಮಾಜಿ ಗುಲಾಮರ ನೆನಪುಗಳನ್ನು ಬರೆಸಿತು. ಎರಡು ಸಾವಿರಕ್ಕೂ ಹೆಚ್ಚು ಜನರ ಮಾತು ಹೀಗೆ ಉಳಿದಿದೆ. ಅವರಲ್ಲಿ ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ನಿನ ಒಬ್ಬ ಅಜ್ಜಿ, ನೂರು ದಾಟಿದವರು. ಒಂದು ಕಾಗದದಲ್ಲಿ ಸೂಸನ್ ಹ್ಯಾಮ್ಲಿನ್, ಇನ್ನೊಂದರಲ್ಲಿ ಸೂಸನ್ ಹ್ಯಾಮಿಲ್ಟನ್ ಎಂದಿದೆ. 1937 ರಲ್ಲಿ ಅವರ ಹತ್ತಿರ ಇಬ್ಬರು ಬೇರೆ ಬೇರೆಯಾಗಿ ಹೋಗಿ ಬರೆದುಕೊಂಡರು. ಒಂದರಲ್ಲಿ ಒಡೆಯ ಒಳ್ಳೆಯವನು, ಊಟ ಬಟ್ಟೆಗೆ ಕೊರತೆ ಮಾಡಿದವನಲ್ಲ. ಇನ್ನೊಂದರಲ್ಲಿ ಚಾಟಿಯ ಏಟು ಇದೆ, ತಾಯಿಯಿಂದ ಮಕ್ಕಳನ್ನು ಕಿತ್ತು ಮಾರಿದ್ದಿದೆ, ಹೆಂಗಸರ ಕೂಗು ಇದೆ. ಅದೇ ಅಜ್ಜಿ, ಅದೇ ಊರು, ಅದೇ ಒಡೆಯ.

ಮೊದಲನೆಯದನ್ನು ಬರೆದುಕೊಂಡವಳು ಒಬ್ಬ ಬಿಳಿಯ ಹೆಂಗಸು. ಬಡವರಿಗೆ ನೆರವು ಕೊಡುವ ಕಚೇರಿಯಿಂದ ಬಂದವಳೆಂದು ಅಜ್ಜಿ ತಿಳಿದಿರಬೇಕು. ಎರಡನೆಯದನ್ನು ಬರೆದುಕೊಂಡವನು ಒಬ್ಬ ಕರಿಯ. ಒಳ್ಳೆಯ ಶಿಕ್ಷಕ ಇದನ್ನು ಮೊದಲೇ ಹೇಳುವುದಿಲ್ಲ. ಬರೆದುಕೊಂಡವರ ಹೆಸರು ಮುಚ್ಚಿ ಎರಡೂ ಹಾಳೆಗಳನ್ನು ಹಂಚಿ, ಯಾವುದು ನಿಜ ಎಂದು ಕೇಳಿ ಸುಮ್ಮನಾಗುತ್ತಾನೆ. ಮಕ್ಕಳು ಜಗಳಾಡುತ್ತಾರೆ. ಅಜ್ಜಿ ಸುಳ್ಳುಗಾತಿ ಎಂದು ಒಬ್ಬ ಅನ್ನುತ್ತಾನೆ, ವಯಸ್ಸಾಗಿ ಮರೆವು ಎಂದು ಇನ್ನೊಬ್ಬಳು. ಕೇಳುತ್ತಿದ್ದವರು ಯಾರು ಎಂದು ಯಾರೋ ಒಬ್ಬರು ಕೇಳುವ ತನಕ ಶಿಕ್ಷಕ ಕಾಯಬೇಕು. ಕೇಳಿದ ಮೇಲೆ, ನೂರು ದಾಟಿದ ಒಬ್ಬ ಬಡ ಹೆಂಗಸು 1937 ರ ಚಾರ್ಲ್ಸ್‌ಟನ್ನಿನಲ್ಲಿ ಒಬ್ಬ ಬಿಳಿಯಳ ಎದುರು ಏನು ಹೇಳಬಹುದಿತ್ತು, ಏನು ಹೇಳಬಾರದಿತ್ತು ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಅಲ್ಲಿ ಯಾವ ಮಗುವೂ ತಲೆ ತಗ್ಗಿಸಬೇಕಾಗಿಲ್ಲ. ಅಜ್ಜಿಯ ಬಾಯಿ ಕಟ್ಟಿದ್ದು ಏನು ಎಂದು ಬಿಳಿಯ ಮಗುವೂ ಕರಿಯ ಮಗುವೂ ಒಟ್ಟಿಗೆ ಹುಡುಕುತ್ತವೆ.

ಮುಂದಿನ ಗೋಷ್ಠಿಗೆ ಈ ಎರಡು ಹಾಳೆಗಳನ್ನೂ ಕನ್ನಡಕ್ಕೆ ಮಾಡಿಕೊಂಡು, ಹೆಸರು ಮುಚ್ಚಿ ತರುತ್ತೇನೆ. ಹಿಂದಿನ ಸಾಲಿನ ಗೆಳೆಯರು ದಯವಿಟ್ಟು ಮುಂದೆ ಬಂದು ಕೂರಬೇಕು. ಈ ಲೇಖನ ಓದಿದವರು ಮಾತ್ರ ಅಂದು ಬಾಯಿ ಬಿಡಬಾರದು.